ಒಂದನೇ ಕೌಂಟರು ಮತ್ತೆ ತೆರೆಯುತ್ತದೆ: ಸದಸ್ಯರಿಗೊಂದು ಪತ್ರ

ಆತ್ಮೀಯ ಸದಸ್ಯ ಬಾಂಧವರಿಗೆ ಕಾರ್ಯದರ್ಶಿಯ ನಮಸ್ಕಾರಗಳು.

ಬರುವ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಪತ್ತಿನ ಸಂಘದ ಒಂದನೇ ಕೌಂಟರು ಮತ್ತೆ ತೆರೆಯುತ್ತದೆ. ಬೆಳಿಗ್ಗೆ 10ರಿಂದ ಮಧ್ಯಾಹ್ನ 1ರವರೆಗೆ ಅಲ್ಲಿ ಮೊಬೈಲ್ ಬೇಕಿಲ್ಲ, ಒಟಿಪಿ ಬೇಕಿಲ್ಲ. ಪಾಸ್ ಪುಸ್ತಕ ಕೊಟ್ಟರೆ ಸಾಕು. ಕಟ್ಟಿದ್ದು, ತೆಗೆದದ್ದು, ಉಳಿದದ್ದು ಮೂರನ್ನೂ ಶಾಯಿಯಲ್ಲಿ ಬರೆದು ಮೊಹರು ಹಾಕಿ ಕೊಡುತ್ತೇವೆ. ದಿನದಿನದ ಸಣ್ಣ ಉಳಿತಾಯವಾದ ಪಿಗ್ಮಿಯ ಸಂಗ್ರಾಹಕರು ಇಬ್ಬರೂ ಮೊದಲಿನಂತೆ ರಸೀದಿ ಪುಸ್ತಕ ಹಿಡಿದು ಮನೆ ಬಾಗಿಲಿಗೆ ಬರುತ್ತಾರೆ. ಇದರ ಖರ್ಚಿಗಾಗಿ ವಾರ್ಷಿಕ ಸೇವಾ ಶುಲ್ಕವನ್ನು 60 ರೂಪಾಯಿಯಿಂದ 120 ರೂಪಾಯಿಗೆ ಏರಿಸಿದ್ದೇವೆ. ಸಂಜೆಯ ಕೆಲಸದ ವೇಳೆ ಇನ್ನು ಸೋಮವಾರ ಮತ್ತು ಗುರುವಾರ ಮಾತ್ರ ಇರುತ್ತದೆ.

ಶುಲ್ಕ ಏರಿದ ಸುದ್ದಿ ಪೇಟೆಯಲ್ಲಿ ಒಂದೇ ದಿನಕ್ಕೆ ಹರಡಿತು. ಏಕೆ ಏರಿತು ಎಂಬುದನ್ನು ಯಾರೂ ಹೇಳುತ್ತಿಲ್ಲ. ಅದನ್ನು ನಾನೇ ಹೇಳಬೇಕಾಗಿದೆ.

ಮೊದಲು ಕ್ಷಮೆ ಕೇಳುತ್ತೇನೆ. ಕಳೆದ ವರ್ಷ ಹೊಸ ತಂತ್ರಾಂಶ ಬಂದಾಗ ಕೌಂಟರು ಮುಚ್ಚಿದೆವು, ಕಿಟಕಿಯ ಪಕ್ಕದ ಬೆಂಚು ತೆಗೆದೆವು, ಪಾಸ್ ಪುಸ್ತಕ ನಿಲ್ಲಿಸಿದೆವು. ತೀರ್ಮಾನ ಆಡಳಿತ ಮಂಡಳಿಯದ್ದೇ ಆದರೂ ಹಾಗೆ ಮಾಡಬಹುದು ಎಂದು ಟಿಪ್ಪಣಿ ಬರೆದುಕೊಟ್ಟವನು ನಾನು. ಅಡಿಕೆ ಕೊಯ್ಲಿನ ಸಮಯದಲ್ಲಿ ಒಂದು ದಿನ ನಮ್ಮ ಹಿರಿಯ ಸದಸ್ಯೆಯೊಬ್ಬರು 2,000 ರೂಪಾಯಿ ತೆಗೆಯಲು ಬಂದರು. ಹೆಬ್ಬೆಟ್ಟು ಓದುವ ಯಂತ್ರವನ್ನು ಅವರ ಮುಂದೆ ಇಟ್ಟೆವು. ವರ್ಷಾನುಗಟ್ಟಲೆ ಅಡಿಕೆ ಸುಲಿದ ಬೆರಳು ಅದು. ಚೊಗರು ಹತ್ತಿ ಕಪ್ಪಾಗಿತ್ತು, ಗೆರೆಗಳು ಸವೆದು ನುಣುಪಾಗಿದ್ದವು. ಯಂತ್ರದಲ್ಲಿ ಕೆಂಪು ದೀಪ ಹತ್ತಿತು. ಸೆರಗಿಗೆ ಒರೆಸಿಕೊಂಡು ಮತ್ತೆ ಇಟ್ಟರು. ಮತ್ತೆ ಕೆಂಪು. ಎಡಗೈ ಇಟ್ಟರು. ನಾಲ್ಕನೆಯ ಸಲವೂ ಆಗದಿದ್ದಾಗ ನನ್ನ ಕಡೆ ತಿರುಗಿ, ‘ನಾನು ಯಾರೆಂದು ನಿನಗೆ ಗೊತ್ತಿಲ್ಲವೇ ತಮ್ಮಾ?’ ಎಂದು ಕೇಳಿದರು.

ಗೊತ್ತಿತ್ತು. ಅಲ್ಲಿದ್ದ ಮೂವರು ಸಿಬ್ಬಂದಿಗೂ ಗೊತ್ತಿತ್ತು. ಆದರೂ ಹಣ ಕೊಡದೆ ಕಳುಹಿಸಿದೆವು. ನ್ಯಾಯಬೆಲೆ ಅಂಗಡಿಗಳಲ್ಲಿ ವಯಸ್ಸಾದವರ, ಕೂಲಿ ಮಾಡಿದವರ ಬೆರಳಚ್ಚು ಹೊಂದುವುದಿಲ್ಲ ಎಂದು ವರ್ಷಗಳಿಂದ ಪತ್ರಿಕೆಯಲ್ಲಿ ಓದುತ್ತಿದ್ದ ನಾವು, ಅದೇ ಯಂತ್ರವನ್ನು ಅಡಿಕೆಯ ಊರಿಗೆ ತಂದು ಕೂರಿಸಿದ್ದೆವು. ಆ ಅಮ್ಮನ ಮನೆಗೆ ಹೋಗಿ ಕ್ಷಮೆ ಕೇಳಿದ್ದೇನೆ. ಅವರಂತೆಯೇ ಹಿಂತಿರುಗಿ ಹೋದ ಉಳಿದವರ ಕ್ಷಮೆಯನ್ನು ಈ ಪತ್ರದ ಮೂಲಕ ಕೇಳುತ್ತೇನೆ.

ಒಟಿಪಿಯ ವಿಷಯದಲ್ಲಿ ನಮ್ಮಿಂದ ಆದ ತಪ್ಪು ಇದಕ್ಕಿಂತ ದೊಡ್ಡದು. ‘ಈ ಸಂಖ್ಯೆಯನ್ನು ಯಾರಿಗೂ ಹೇಳಬೇಡಿ’ ಎಂಬ ಸಂದೇಶವನ್ನು ಕಳುಹಿಸುವವರು ನಾವೇ. ಕೌಂಟರಿನಲ್ಲಿ ಕುಳಿತು ‘ಬಂದ ಸಂಖ್ಯೆ ಹೇಳಿ’ ಎಂದು ಕೇಳುವವರೂ ನಾವೇ. ಮೋಸದ ಕರೆಗಳ ಬಗ್ಗೆ ಎಚ್ಚರಿಕೆ ಕೇಳಿ ಕೇಳಿ ಜಾಗ್ರತೆ ಕಲಿತಿದ್ದ ಒಬ್ಬ ನಿವೃತ್ತ ಮಾಸ್ತರು ನಮಗೆ ಸಂಖ್ಯೆ ಹೇಳಲು ಒಪ್ಪಲಿಲ್ಲ. ನಾವು ಅವರನ್ನು ಹಟಮಾರಿ ಎಂದುಕೊಂಡೆವು. ಅಂದು ಸರಿಯಾಗಿ ನಡೆದುಕೊಂಡವರು ಅವರೊಬ್ಬರೇ.

ಇನ್ನು ಎಷ್ಟೋ ಮನೆಗಳಲ್ಲಿ ಖಾತೆಗೆ ಜೋಡಿಸಿದ ಮೊಬೈಲ್ ಸಂಖ್ಯೆ ಬೆಂಗಳೂರಿನಲ್ಲಿರುವ ಮಗನದು. ತಾಯಿ ಇಲ್ಲಿ ಕೌಂಟರಿನ ಮುಂದೆ ನಿಂತಿರುತ್ತಾರೆ, ಸಂಖ್ಯೆ ಅಲ್ಲಿ ಮಗನ ಫೋನಿಗೆ ಹೋಗುತ್ತದೆ, ಮಗ ಮೀಟಿಂಗಿನಲ್ಲಿರುತ್ತಾನೆ. ಅವನು ನೋಡಿ ಕರೆ ಮಾಡುವಷ್ಟರಲ್ಲಿ ಸಂಖ್ಯೆಯ ಅವಧಿ ಮುಗಿದಿರುತ್ತದೆ. ಮಗನ ತಪ್ಪೇನೂ ಇಲ್ಲ. ಆದರೆ ಮೊಮ್ಮಗಳ ಬಳೆಗೆಂದು ಐನೂರು ರೂಪಾಯಿ ತೆಗೆಯುವ ತಾಯಿ ಅದನ್ನು ಯಾರಿಗೂ ಹೇಳದೆ ತೆಗೆಯುವ ಹಕ್ಕು ಉಳ್ಳವರು. ಸ್ವಂತ ಹಣಕ್ಕೆ ಮಗನ ಒಪ್ಪಿಗೆ ಬೇಕಾಗುವ ಹಾಗೆ ಮಾಡಿದ್ದು ನಾವು.

ತಪ್ಪನ್ನು ಒಪ್ಪಿಕೊಂಡಿದ್ದೇನೆ. ಇನ್ನು ನಮ್ಮದಲ್ಲದ ತಪ್ಪಿಗೆ ಕೇಳಿದ ಬೈಗುಳದ ಬಗ್ಗೆ ಎರಡು ಮಾತು. ‘ಕನ್ನಡದ ಸಂಘ, ಕನ್ನಡದ ಸದಸ್ಯರು, ಸಂದೇಶ ಮಾತ್ರ ಇಂಗ್ಲಿಷಿನಲ್ಲಿ’ ಎಂದು ಸರ್ವಸದಸ್ಯರ ಸಭೆಯಲ್ಲಿ ಎದ್ದು ನಿಂತು ಕೇಳಿದಿರಿ. ಭಾಷೆಯ ಮೇಲೆ ನಮಗೆ ಅಭಿಮಾನವಿಲ್ಲ ಎಂಬ ಮಾತೂ ಬಂತು. ಅದು ನೋವು ಕೊಟ್ಟಿತು, ಏಕೆಂದರೆ ಕಾರಣ ಬೇರೆಯೇ ಇದೆ. ಒಂದು ಎಸ್ಎಂಎಸ್‌ನಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿಸುತ್ತದೆ. ಕನ್ನಡದಲ್ಲಿ ಬರೆದರೆ ಇರುವುದು 70 ಸ್ಥಾನ ಮಾತ್ರ. ಅದೂ ನಾವು ಎಣಿಸುವ ಅಕ್ಷರದ ಲೆಕ್ಕವಲ್ಲ. ವ್ಯಂಜನ, ಒತ್ತು, ಗುಣಿತದ ಚಿಹ್ನೆ ಎಲ್ಲಕ್ಕೂ ಬೇರೆ ಬೇರೆ ಸ್ಥಾನ. ‘ಲಕ್ಷ್ಮಿ’ ಎಂಬ ಎರಡಕ್ಷರದ ಹೆಸರು 7 ಸ್ಥಾನ ನುಂಗುತ್ತದೆ. ‘ಪತ್ತಿನ ಸಹಕಾರ ಸಂಘ’ ಎಂದು ಬರೆಯುವಷ್ಟರಲ್ಲಿ 16 ಮುಗಿದಿರುತ್ತದೆ. 70 ದಾಟಿತೋ, ಸಂದೇಶ 67 ಸ್ಥಾನಗಳ ತುಂಡುಗಳಾಗಿ ಒಡೆಯುತ್ತದೆ, ಪ್ರತಿ ತುಂಡಿಗೂ ಪ್ರತ್ಯೇಕ ದರ ಬೀಳುತ್ತದೆ. ಇಂಗ್ಲಿಷಿನಲ್ಲಿ ಒಂದಕ್ಕೆ ಮುಗಿಯುವ ಸಂದೇಶ ಕನ್ನಡದಲ್ಲಿ ಎರಡು, ಕೆಲವೊಮ್ಮೆ ಮೂರು ಸಂದೇಶದ ಬೆಲೆಗೆ ಹೋಗುತ್ತದೆ. ಅದರ ಮೇಲೆ ಶೇಕಡಾ 18 ಜಿಎಸ್‌ಟಿ. ವಾಕ್ಯದ ಮಾದರಿಯನ್ನು ಟೆಲಿಕಾಂ ಕಂಪನಿಯ ಬಳಿ ಮೊದಲೇ ನೋಂದಾಯಿಸಬೇಕು, ಒಂದು ಪದ ಬದಲಿಸಿದರೂ ಮತ್ತೆ ನೋಂದಣಿ. ಈ ದರ, ತೆರಿಗೆ, ನಿಯಮ ಯಾವುದನ್ನೂ ಮಾಡಿದವರು ನಾವಲ್ಲ.

ಆದರೂ ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಓದಲಾಗದ ಸಂದೇಶ ಅಗ್ಗವಾಗಿದ್ದು ಏನು ಬಂತು? ನಾನೂ ನಮ್ಮ ಗುಮಾಸ್ತರೂ ಎರಡು ಸಂಜೆ ಕುಳಿತು ಒಂದೊಂದೇ ಸ್ಥಾನ ಎಣಿಸಿ ಹೊಸ ವಾಕ್ಯ ಮಾಡಿದ್ದೇವೆ: ‘ನಿಮ್ಮ ಖಾತೆಗೆ ರೂ. 500 ಜಮಾ ಆಗಿದೆ. ಬಾಕಿ ರೂ. 12,340.’ ಇದಕ್ಕೆ 48 ಸ್ಥಾನ ಸಾಕು. ಸಂಘದ ಹೆಸರನ್ನು ಮೂರಕ್ಷರಕ್ಕೆ ಇಳಿಸಿ ಕೊನೆಗೆ ಸೇರಿಸಿದ್ದೇವೆ. ಮುಂದಿನ ತಿಂಗಳಿಂದ ಸಂದೇಶ ಕನ್ನಡದಲ್ಲೇ ಬರುತ್ತದೆ. ಈ ಕೆಲಸದ ಬಗ್ಗೆ ನಮಗೆ ಹೆಮ್ಮೆಯಿದೆ, ಮುಚ್ಚಿಡುವುದಿಲ್ಲ.

ಈಗ ಅತಿ ಹೆಚ್ಚು ಸಲ ಕೇಳಿದ ದೂರಿಗೆ ಬರುತ್ತೇನೆ. ಕಿರಿಯ ಸದಸ್ಯರು ಫೋನಿನಲ್ಲೂ ಎದುರಿಗೂ ಇದನ್ನೇ ಹೇಳುತ್ತಾರೆ: ‘ಇಂದು ತರಕಾರಿ ಗಾಡಿಯಲ್ಲೂ ಯುಪಿಐ ಇದೆ. ವಯಸ್ಸಾದವರಿಗೆ ಕಲಿಯುವ ಮನಸ್ಸಿಲ್ಲ, ಅಷ್ಟೇ. ಅವರ ಹಟಕ್ಕೆ ನಾವೇಕೆ 60 ರೂಪಾಯಿ ಹೆಚ್ಚು ಕೊಡಬೇಕು?’

ಮನಸ್ಸಿಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ. ನಮ್ಮಲ್ಲಿ 85 ದಾಟಿದ ಸದಸ್ಯರಿದ್ದಾರೆ. 1957ರಲ್ಲಿ ಆಣೆ ಹೋಗಿ ನಯಾಪೈಸೆ ಬಂದಾಗ ಅವರು ಹದಿಹರೆಯದವರು. ರೂಪಾಯಿಗೆ 16 ಆಣೆ ಎಂದು ಕಲಿತಿದ್ದ ಲೆಕ್ಕವನ್ನು 100 ಪೈಸೆಗೆ ಬದಲಿಸಿಕೊಂಡರು. ಸೇರು ಹೋಗಿ ಕಿಲೋ ಬಂತು, ಅದನ್ನೂ ಕಲಿತರು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವ ಹಿರಿಯರನ್ನು ನೀವು ನೋಡಿಯೇ ಇರುತ್ತೀರಿ. ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಬೇರೆ ಬೇರೆ ಕರಗಿಸಿ ಬೆರೆಸಿದ ಮೇಲೆ ಹೊಳೆಯುವ ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಇದು ರಸಾಯನಶಾಸ್ತ್ರ. ಇದನ್ನು ಕಲಿತವರಿಗೆ ಕಲಿಯುವ ಮನಸ್ಸಿಲ್ಲ ಎಂದು ಹೇಗೆ ಹೇಳುವುದು?

ಆ ಕತ್ತಿಯ ಅಲಗನ್ನು ನಾನು ಬಹಳ ಸಲ ನೆನೆಸಿಕೊಂಡಿದ್ದೇನೆ. ತಪ್ಪಾದರೆ ಅದು ಮೊದಲೇ ತೋರಿಸುತ್ತದೆ. ತಿದ್ದಿಕೊಳ್ಳಲು ಸಮಯ ಕೊಡುತ್ತದೆ. ಈ ವರ್ಷದ ಅಲಗು ಹೋದ ವರ್ಷದಂತೆಯೇ ಇರುತ್ತದೆ. ಮೊಬೈಲಿನಲ್ಲಿ ಈ ಮೂರೂ ಇಲ್ಲ. ತಪ್ಪು ಗುಂಡಿ ಒತ್ತಿದ ಮೇಲೆ ಹಣ ಹೋದದ್ದು ತಿಳಿಯುತ್ತದೆ. ನಿಧಾನಿಸಿದರೆ ಪರದೆ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಕಷ್ಟಪಟ್ಟು ಕಲಿತು ಕಾಗದದ ಮೇಲೆ ‘ಎಡಗಡೆ ಕೆಳಗೆ ನೀಲಿ ಬಣ್ಣದ್ದು’ ಎಂದು ಬರೆದಿಟ್ಟುಕೊಂಡರೆ, ಮುಂದಿನ ಅಪ್‌ಡೇಟಿನಲ್ಲಿ ಆ ಗುಂಡಿ ಬಲಗಡೆ ಮೇಲೆ ಹೋಗಿ ಹಸಿರಾಗಿರುತ್ತದೆ. ಇಂಥ ಒಂದು ಕಾಗದ ನನ್ನ ಮೇಜಿನ ಗಾಜಿನ ಕೆಳಗೆ ಇದೆ. ಅದನ್ನು ಬರೆದವರು ಬೇಸರಪಟ್ಟು ಇಲ್ಲೇ ಬಿಟ್ಟು ಹೋದರು.

ಕಣ್ಣಿನ ಮಾತನ್ನೂ ಕೇಳಿ. ನಲವತ್ತಕ್ಕೆ ಚಾಳೀಸು ಬರುತ್ತದೆ, ಅದು ಎಲ್ಲರಿಗೂ ಗೊತ್ತು. ಆಮೇಲೆ ಕಣ್ಣಿನ ಮಸೂರ ಮೆಲ್ಲಗೆ ಹಳದಿಯಾಗುತ್ತಾ ಬರುತ್ತದೆ, ಪಾಪೆ ಕಿರಿದಾಗುತ್ತದೆ, ಒಳಗೆ ಹೋಗುವ ಬೆಳಕು ಕಡಿಮೆಯಾಗುತ್ತದೆ. ಬಿಳಿಯ ಮೇಲೆ ತಿಳಿ ಬೂದು ಬಣ್ಣದಲ್ಲಿ ಬರೆದ ಸಣ್ಣ ಅಕ್ಷರ ಮಗನಿಗೆ ಅಂದವಾಗಿ ಕಾಣುತ್ತದೆ, ತಂದೆಗೆ ಕಾಣುವುದೇ ಇಲ್ಲ. ಬೆರಳಿನದು ಇನ್ನೊಂದು ಕತೆ. ಪರದೆ ಗುರುತಿಸುವುದು ಒತ್ತಡವನ್ನಲ್ಲ, ಚರ್ಮ ತಾಗಿದಾಗ ಆಗುವ ಅತಿ ಸಣ್ಣ ವಿದ್ಯುತ್ ವ್ಯತ್ಯಾಸವನ್ನು. ವಯಸ್ಸಾದ ಕೈಯ ತುದಿ ಒಣಗಿರುತ್ತದೆ, ದುಡಿದ ಕೈಯಾದರೆ ಜಡ್ಡುಗಟ್ಟಿರುತ್ತದೆ. ತಾಗಿದ್ದು ಪರದೆಗೆ ತಿಳಿಯುವುದಿಲ್ಲ. ತಿಳಿಯಲಿಲ್ಲವೆಂದು ಅವರು ಇನ್ನೂ ಗಟ್ಟಿಯಾಗಿ, ಇನ್ನೂ ಹೊತ್ತು ಒತ್ತುತ್ತಾರೆ. ಹೆಚ್ಚು ಹೊತ್ತು ಒತ್ತಿದರೆ ಬೇರೆಯೇ ಏನೋ ತೆರೆದುಕೊಳ್ಳುತ್ತದೆ. ಕೈ ಸ್ವಲ್ಪ ನಡುಗಿದರೆ ಒಂದು ಒತ್ತು ಎರಡಾಗುತ್ತದೆ. ನಾವು ಹಿಂದೆ ನಿಂತು ‘ಹಾಗಲ್ಲ, ಹಾಗಲ್ಲ’ ಎನ್ನುತ್ತೇವೆ.

ಬಂದ ಆರು ಅಂಕಿಯನ್ನು ಒಂದು ಕಡೆ ಓದಿ, ಅದನ್ನು ಮುಚ್ಚಿ, ಇನ್ನೊಂದು ಕಡೆ ಹೋಗಿ, ನೆನಪಿನಿಂದ ಬರೆಯಬೇಕು. ವಯಸ್ಸಾದಂತೆ ಎಪ್ಪತ್ತು ವರ್ಷದ ಅನುಭವ ಕರಗುವುದಿಲ್ಲ. ಈಗ ತಾನೇ ಕಂಡ ಅಂಕಿಯನ್ನು ಒಂದು ನಿಮಿಷ ಹಿಡಿದಿಟ್ಟುಕೊಳ್ಳುವ ಶಕ್ತಿ ಮಾತ್ರ ಸಡಿಲವಾಗುತ್ತದೆ. ಒಟಿಪಿ ಕೇಳುವುದು ಸರಿಯಾಗಿ ಅದನ್ನೇ. ಮಳೆಗಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು ಎಂಬುದನ್ನು ನಾನು ಬರೆಯುವುದೇ ಬೇಡ.

ಇಷ್ಟರ ಮೇಲೆ ಭಯ. ಪೊಲೀಸರೆಂದು ಹೇಳಿ ಕರೆ ಮಾಡಿ ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ ಹಿರಿಯರ ಜೀವಮಾನದ ಗಳಿಕೆ ದೋಚಿದ ಸುದ್ದಿ ಅವರು ಓದುತ್ತಾರೆ. ಮಕ್ಕಳಿಗೆ ಹತ್ತು ಸಾವಿರ ಹೋದರೆ ಮುಂದೆ ದುಡಿಯಬಹುದು. ಅವರಿಗೆ ದುಡಿಯುವ ವರ್ಷಗಳು ಉಳಿದಿಲ್ಲ. ಆ ಭಯವನ್ನು ಹಟ ಎಂದು ಕರೆಯಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಅಂಥ ಕರೆ ಬಂದು ಹಣ ಹೋಗಿದ್ದರೆ, ಯಾವ ವಯಸ್ಸಿನವರೇ ಆಗಿರಲಿ, ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಾಚಿಕೆಪಟ್ಟು ಒಂದು ರಾತ್ರಿ ಕಳೆದರೆ ಹಣ ಕೈಗೆ ಸಿಗದಷ್ಟು ದೂರ ಹೋಗಿರುತ್ತದೆ.

ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕು 2017ರ ನವೆಂಬರ್‌ನಲ್ಲೇ ಸೂಚನೆ ಕೊಟ್ಟಿದೆ: 70 ದಾಟಿದವರಿಗೆ ನಗದು ಕೊಡುವುದು, ಪಡೆಯುವುದು ಮುಂತಾದ ಮೂಲ ಸೇವೆಗಳನ್ನು ಮನೆ ಬಾಗಿಲಿಗೆ ಒದಗಿಸಲು ಪ್ರಯತ್ನಿಸಬೇಕೆಂದು. ನಾವು ಪತ್ತಿನ ಸಂಘ, ಆ ಸೂಚನೆ ನಮಗೆ ಅನ್ವಯಿಸುವುದಿಲ್ಲ. ಆದರೆ 1928ರಲ್ಲಿ ಉಡುಪಿಯಲ್ಲಿ ದಿನಕ್ಕೆ ಎರಡಾಣೆಯ ಪಿಗ್ಮಿ ಶುರುವಾದದ್ದೇ ಬ್ಯಾಂಕಿನ ಮೆಟ್ಟಿಲು ಹತ್ತದವರ ಬಾಗಿಲಿಗೆ ಹೋಗುವುದಕ್ಕಾಗಿ. ಬಾಗಿಲಿಗೆ ಹೋಗದೆ ಅದನ್ನು ಪಿಗ್ಮಿ ಎಂದು ಕರೆಯುವುದು ನನಗೆ ಸರಿ ಕಾಣುವುದಿಲ್ಲ.

60 ರೂಪಾಯಿಯನ್ನು ಹಿರಿಯರಿಂದ ಮಾತ್ರ ವಸೂಲು ಮಾಡಿ ಎಂದವರೂ ಇದ್ದಾರೆ. ಆಡಳಿತ ಮಂಡಳಿ ಒಪ್ಪಲಿಲ್ಲ. ಆ್ಯಪ್‌ನ ವಾರ್ಷಿಕ ನಿರ್ವಹಣೆಯ ಹಣವನ್ನು ಆ್ಯಪ್ ಮುಟ್ಟದ ಸದಸ್ಯರೂ ಒಂದು ವರ್ಷದಿಂದ ತುಂಬಿದ್ದಾರೆ, ಒಬ್ಬರೂ ಕೇಳಲಿಲ್ಲ.

ಕಿರಿಯ ಸದಸ್ಯರಿಗೆ ಹೇಳುತ್ತೇನೆ: ನಿಮ್ಮ ಆ್ಯಪ್ ಇರುತ್ತದೆ, ಕ್ಯುಆರ್ ಕೋಡ್ ಇರುತ್ತದೆ, ಎರಡನೇ ಕೌಂಟರು ಇರುವಂತೆಯೇ ಇರುತ್ತದೆ. ಠೇವಣಿಯ ಬಡ್ಡಿಯಲ್ಲಿ ಒಂದು ಪೈಸೆಯೂ ಕಡಿಮೆಯಾಗುವುದಿಲ್ಲ. ಸಂಜೆಯ ವೇಳೆ ಕಡಿಮೆಯಾದದ್ದಕ್ಕೆ ನನಗೂ ಬೇಸರವಿದೆ. ಇರುವ ನಾಲ್ಕು ಸಿಬ್ಬಂದಿಯಲ್ಲಿ ಬೇರೆ ದಾರಿ ಕಾಣಲಿಲ್ಲ.

ಹಿರಿಯರಿಗೆ: ಹೆಬ್ಬೆಟ್ಟಿನ ಯಂತ್ರವನ್ನು ಒಂದನೇ ಕೌಂಟರಿನಿಂದ ತೆಗೆದಿದ್ದೇವೆ. ಸಹಿ ಮಾಡಲಾಗದವರು ಶಾಯಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಇಬ್ಬರು ಸಿಬ್ಬಂದಿ ಸಾಕ್ಷಿ ಹಾಕುತ್ತಾರೆ. ಮೊಬೈಲ್ ಕಲಿಯಬೇಕೆಂಬ ಆಸೆಯಿದ್ದರೆ ಬುಧವಾರ ಮಧ್ಯಾಹ್ನ ಮೂರಕ್ಕೆ ನಿಮ್ಮದೇ ಫೋನ್ ಹಿಡಿದು ಬನ್ನಿ. ಒಬ್ಬರಿಗೆ ಒಬ್ಬರು ಕುಳಿತು ತೋರಿಸುತ್ತೇವೆ, ಫೋನನ್ನು ನಿಮ್ಮ ಕೈಯಿಂದ ಕಿತ್ತುಕೊಳ್ಳುವುದಿಲ್ಲ. ಕಲಿಯುವುದು ಬೇಡ ಎನಿಸಿದರೆ ಬೇಡ, ಯಾರೂ ಒತ್ತಾಯಿಸುವುದಿಲ್ಲ. ಏನಾದರೂ ತೊಡಕಾದರೆ ಬಾಗಿಲಿನ ಎಡಕ್ಕಿರುವ ನನ್ನ ಮೇಜಿಗೆ ನೇರವಾಗಿ ಬನ್ನಿ.

ಬೆಂಚನ್ನು ಮತ್ತೆ ಕಿಟಕಿಯ ಪಕ್ಕಕ್ಕೆ ಹಾಕಿಸಿದ್ದೇವೆ. ಹಳೆಯ ಪಾಸ್ ಪುಸ್ತಕ ಮನೆಯಲ್ಲಿ ಇದ್ದರೆ ಅದನ್ನೇ ತನ್ನಿ, ಹರಿದಿದ್ದರೂ ಚಿಂತೆಯಿಲ್ಲ. ಎಲ್ಲಿಗೆ ನಿಲ್ಲಿಸಿದ್ದೆವೋ ಅದರ ಮುಂದಿನ ಗೆರೆಯಿಂದ ಬರೆಯುತ್ತೇವೆ.

ಇತಿ ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ
(ಆಡಳಿತ ಮಂಡಳಿಯ ಪರವಾಗಿ)