ಭಾನುವಾರದ ಸೋಡಾ ಪ್ರಯೋಗ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 10 ಗಂಟೆಗೆ ತಂಪು ಪಾನೀಯಕ್ಕೆ ಉಪ್ಪು ಹಾಕಿದರೆ ಏನಾಗುತ್ತದೆಂದು ಮಕ್ಕಳಿಗೆ ತೋರಿಸುತ್ತಿದ್ದೇವೆ. ಸಭಾಂಗಣದಲ್ಲಿ ಅಲ್ಲ, ಹಿಂದಿನ ಅಂಗಳದಲ್ಲಿ. ಕಳೆದ ಸಲ ಚಾವಣಿಗೆ ಹಾರಿದ ಕಲೆ ಇನ್ನೂ ಹೋಗಿಲ್ಲ.

ನೊರೆ ಉಕ್ಕುವುದು ರಾಸಾಯನಿಕ ಕ್ರಿಯೆಯಿಂದಲ್ಲ. ಪಾನೀಯದಲ್ಲಿ ಕರಗಿರುವ ಇಂಗಾಲದ ಡೈಆಕ್ಸೈಡ್ ಉಪ್ಪಿನ ಹರಳಿನ ಒರಟು ಮೈ ಹಿಡಿದು ಗುಳ್ಳೆಗಟ್ಟಿ ಹೊರನುಗ್ಗುತ್ತದೆ. ಸಕ್ಕರೆ, ಮರಳು ಹಾಕಿದರೂ ಅದೇ ಕಥೆ. ಅನಿಲ ಹೋದ ಮೇಲೆ ಉಳಿಯುವುದು ಸಪ್ಪೆ ಸಿಹಿನೀರು, ಅದೂ ಉಪ್ಪುಪ್ಪು!

ಪ್ರತಿ ಮನೆಯಿಂದ ಒಂದು ಪ್ಲಾಸ್ಟಿಕ್ ಬಾಟಲಿ ಪಾನೀಯ, ಎರಡು ಚಮಚ ಪುಡಿಯುಪ್ಪು ತನ್ನಿ. ಫ್ರಿಜ್‌ನಲ್ಲಿಟ್ಟದ್ದು ಬೇಡ, ತಣ್ಣಗಿದ್ದರೆ ನೊರೆ ಕಡಿಮೆ. ಗಾಜಿನ ಬಾಟಲಿ ಬೇಡವೇ ಬೇಡ. ಉಪ್ಪು ಹಾಕಿದ ಮೇಲೆ ಯಾರೂ ಮುಚ್ಚಳ ತಿರುಗಿಸಬಾರದು. ಎಷ್ಟು ಮಕ್ಕಳು ಬರುತ್ತಾರೆಂದು ಶುಕ್ರವಾರ ರಾತ್ರಿಯೊಳಗೆ ಇಲ್ಲಿಯೇ ತಿಳಿಸಿ.