ಕಾಳಜಿ ಕೇಂದ್ರದ ಬಾಗಿಲಲ್ಲಿ ಮಕ್ಕಳಿಗೊಂದು ಪ್ರತ್ಯೇಕ ಪುಸ್ತಕವಿರಲಿ

ಮಾನ್ಯರೇ,

ವಯನಾಡಿನಲ್ಲಿ ಮಳೆ ಜೋರಾದರೆ ಕಬಿನಿ ತುಂಬುತ್ತದೆ, ಕೊಡಗಿನಲ್ಲಿ ಸುರಿದರೆ ಕೆಆರ್‌ಎಸ್. ಗೇಟು ಎತ್ತುವ ಮುನ್ನ ನದಿ ಪಾತ್ರದ ಜನರಿಗೆ ಎಚ್ಚರಿಕೆ ಹೋಗುತ್ತದೆ. ನಂಜನಗೂಡು, ತಿ. ನರಸೀಪುರ, ಶ್ರೀರಂಗಪಟ್ಟಣದ ತಗ್ಗು ಬೀದಿಯವರಿಗೆ ಇದೇನೂ ಹೊಸದಲ್ಲ. ನಮ್ಮದು ಹೇಳಿ ಬರುವ ನೆರೆ. ಹಾಗಾಗಿ ಕಾಳಜಿ ಕೇಂದ್ರಕ್ಕೆ ಅಕ್ಕಿ, ಬೇಳೆ, ಚಾಪೆ, ಜನರೇಟರ್ ಎಷ್ಟು ಬೇಕೆಂದು ಮೊದಲೇ ಪಟ್ಟಿ ಮಾಡಿಕೊಳ್ಳುವುದು ಕಷ್ಟವಲ್ಲ. ಮನೆಯವರ ಕೈತಪ್ಪಿ ಒಂಟಿಯಾಗಿ ಬಂದ ಮಗುವನ್ನು ಯಾರು, ಯಾವ ಪುಸ್ತಕದಲ್ಲಿ ಬರೆದುಕೊಳ್ಳಬೇಕು ಎಂಬುದೂ ಆ ಪಟ್ಟಿಗೆ ಸೇರಬೇಕು.

ಮಕ್ಕಳನ್ನು ಅಗಲಿಸುವುದು ನೀರೊಂದೇ ಅಲ್ಲ, ಎಷ್ಟೋ ಸಲ ರಕ್ಷಣೆಯ ಗಡಿಬಿಡಿ. ದೋಣಿ ಬಂದ ಕೂಡಲೇ ‘ಮಕ್ಕಳನ್ನು ಮೊದಲು ಹತ್ತಿಸಿ’ ಎನ್ನುತ್ತಾರೆ. ಆ ದೋಣಿ ಒಂದು ದಡ ಸೇರುತ್ತದೆ, ಅಪ್ಪ ಅಮ್ಮ ಹತ್ತಿದ ಮುಂದಿನ ದೋಣಿ ಇನ್ನೊಂದು ದಡ. ಅಲ್ಲಿಂದ ಟ್ರ್ಯಾಕ್ಟರುಗಳು ಬೇರೆ ಬೇರೆ ಊರಿನ ಶಾಲೆಗೆ ಇಳಿಸುತ್ತವೆ. ಗಾಯಗೊಂಡ ತಾಯಿ ಮೈಸೂರಿನ ಕೆ.ಆರ್. ಆಸ್ಪತ್ರೆಗೆ, ಮಗು ಚೆಲುವಾಂಬ ಆಸ್ಪತ್ರೆಗೆ ಹೋದರೆ ಅಕ್ಕಪಕ್ಕದಲ್ಲೇ ಇದ್ದೂ ಒಬ್ಬರಿಗೊಬ್ಬರು ಸಿಗದೆ ಹೋಗಬಹುದು. ಒಂದು ಮನೆಯವರು ಒಂದೇ ದೋಣಿಯಲ್ಲಿ ಬರಲಿ. ಆಗದಿದ್ದರೆ ಮಗುವಿನ ಜೊತೆ ಆ ಮನೆಯ ದೊಡ್ಡವರೊಬ್ಬರಾದರೂ ಇರಲಿ. ಆಂಬ್ಯುಲೆನ್ಸ್ ಹೊರಡುವ ಮೊದಲು ಯಾರನ್ನು ಯಾವ ಆಸ್ಪತ್ರೆಗೆ ಒಯ್ದರೆಂಬ ಚೀಟಿ ಕೇಂದ್ರದಲ್ಲಿ ಉಳಿಯಲಿ.

ಎಚ್ಚರಿಕೆ ಬಂದ ದಿನವೇ ಮನೆಯವರು ಮಾಡಬಹುದಾದ ಕೆಲಸವೊಂದಿದೆ. ಮಗುವಿನ ಮುಂಗೈ ಒಳಬದಿಯಲ್ಲಿ, ಸುಲಭಕ್ಕೆ ಅಳಿಸದ ಮಾರ್ಕರ್ ಪೆನ್ನಿನಿಂದ ಎರಡು ಮೊಬೈಲ್ ಸಂಖ್ಯೆ ಬರೆಯಿರಿ. ಎರಡೂ ಮನೆಯವರದೇ ಆದರೆ ಪ್ರಯೋಜನವಿಲ್ಲ, ಎರಡು ಫೋನೂ ಒಟ್ಟಿಗೇ ನೀರು ಕುಡಿದಿರುತ್ತವೆ. ಒಂದು ಸಂಖ್ಯೆ ಬೇರೆ ಊರಿನ ನೆಂಟರದ್ದಾಗಿರಲಿ. ಹೆಸರು ಬರೆಯಬೇಡಿ. ಹೆಸರು ಹಿಡಿದು ಕರೆದವರ ಹಿಂದೆ ಮಗು ಸುಲಭವಾಗಿ ಹೋಗಿಬಿಡುತ್ತದೆ.

ಇನ್ನು ಪುಸ್ತಕದ ವಿಚಾರ. ಬಿಡಿ ಹಾಳೆ ಬೇಡ, ಹೊಲಿದ ಪುಸ್ತಕವೇ ಆಗಬೇಕು, ಪುಟಕ್ಕೊಂದು ಮಗು. ದಿನಾಂಕ, ಗಂಟೆ, ಕರೆತಂದವರ ಹೆಸರು, ಮೊಬೈಲ್ ಮೊದಲು ಬರೆಯಿರಿ. ಮಗು ಅಲ್ಲೇ ಇರುತ್ತದೆ, ಕರೆತಂದವರು ಐದು ನಿಮಿಷ ನಿಲ್ಲುವುದಿಲ್ಲ. ಸಿಕ್ಕ ಜಾಗ ಎಂದರೆ ಬರೀ ‘ಶ್ರೀರಂಗಪಟ್ಟಣ’ ಸಾಲದು, ಯಾವ ಬೀದಿ, ಸೇತುವೆಯ ಯಾವ ಬದಿ ಎಂಬುದೂ ಬೇಕು. ನಾಲ್ಕು ವರ್ಷದ ಮಗುವಿಗೆ ಅಪ್ಪನ ಹೆಸರು ಕೇಳಿದರೆ ‘ಅಪ್ಪ’ ಎನ್ನುತ್ತದೆ, ತನ್ನ ಹೆಸರು ಕೇಳಿದರೆ ‘ಪುಟ್ಟಿ’. ಅದನ್ನೇ ಬರೆಯಿರಿ, ಊಹಿಸಿ ತಿದ್ದಬೇಡಿ. ಅಂಗನವಾಡಿ ಮಿಸ್ ಯಾರು, ಮನೆ ಹತ್ತಿರ ಯಾವ ದೇವರ ಗುಡಿ, ಹಸುವನ್ನು ಏನೆಂದು ಕರೆಯುತ್ತೀರಿ, ಅಣ್ಣ ಶಾಲೆಗೆ ಹೇಗೆ ಹೋಗುತ್ತಾನೆ ಎಂದು ಕೇಳಿದರೆ ಊರು ಗೊತ್ತಾಗುತ್ತದೆ. ಮೈಮೇಲಿದ್ದ ಬಟ್ಟೆ ಬದಲಿಸಿ ಎಸೆಯುವುದು ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಮಾಡುವ ಅನಾಹುತ. ಅದನ್ನು ಒಣಗಿಸಿ, ಪುಟದ ಸಂಖ್ಯೆ ಬರೆದ ಚೀಲದಲ್ಲಿ ಕಟ್ಟಿಡಿ. ಉಡುದಾರ, ತಾಯತ, ಗೆಜ್ಜೆ ಬಿಚ್ಚಬೇಡಿ. ಬದಲಿಸಿ ಹಾಕಿದ ಗುಂಡಿ, ಹರಿದಲ್ಲಿ ಹಾಕಿದ ಹೊಲಿಗೆ ಹೆತ್ತವಳಿಗೆ ಗುರುತು ಸಿಗುತ್ತದೆ.

ಆಧಾರ್ ಇದೆಯಲ್ಲ ಎನ್ನುವವರಿಗೆ ಒಂದು ಮಾತು. 5 ವರ್ಷದೊಳಗಿನ ಮಕ್ಕಳ ಆಧಾರ್‌ಗೆ ಬೆರಳಚ್ಚನ್ನೂ ಕಣ್ಣಿನ ಗುರುತನ್ನೂ ತೆಗೆದಿರುವುದಿಲ್ಲ. ತನ್ನ ಗುರುತು ತಾನೇ ಹೇಳಲಾರದ ಈ ವಯಸ್ಸಿನವರಿಗೆ ಯಂತ್ರವೂ ನೆರವಾಗುವುದಿಲ್ಲ. ಮುಳುಗಿದ ಊರಿನ ಅಂಗನವಾಡಿ ಕಾರ್ಯಕರ್ತೆ ಮತ್ತು ಆಶಾ ಕಾರ್ಯಕರ್ತೆಯನ್ನು ಕೇಂದ್ರದ ಬಾಗಿಲಲ್ಲಿ ಕೂರಿಸಿದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಮಗು ನಮ್ಮದು ಎಂದು ಬಂದವರಿಗೆ ಕೂಡಲೇ ಒಪ್ಪಿಸಬಾರದು. ಪುಸ್ತಕದಲ್ಲಿ ಬರೆದ ಗುರುತುಗಳಲ್ಲಿ ಒಂದನ್ನಾದರೂ, ಮಚ್ಚೆಯೋ ಹಳೆಯ ಸುಟ್ಟ ಕಲೆಯೋ, ಯಾರಿಗೂ ಹೇಳದೆ ಇಟ್ಟುಕೊಂಡು ಬಂದವರ ಬಾಯಿಂದಲೇ ಅದು ಬರುತ್ತದೆಯೇ ನೋಡಬೇಕು. ಮಗುವನ್ನೂ ಅವರನ್ನೂ ಬೇರೆ ಬೇರೆಯಾಗಿ ಕೇಳಿ ತಾಳೆ ನೋಡಬೇಕು. ‘ನೋಡಿ, ಹೇಗೆ ಓಡಿಹೋಗಿ ತಬ್ಬಿಕೊಂಡಿತು’ ಎಂಬುದು ಪುರಾವೆಯಲ್ಲ. ಗಾಬರಿ ಬಿದ್ದ ಎಳೆ ಮಗು ಎತ್ತಿಕೊಂಡವರನ್ನೆಲ್ಲ ತಬ್ಬಿಕೊಳ್ಳುತ್ತದೆ, ಹೆತ್ತ ತಾಯಿಯನ್ನು ಕಂಡು ಮುಖ ತಿರುಗಿಸುವುದೂ ಉಂಟು.

ಮಗುವಿನ ಫೋಟೊ, ಊರು, ಮೈಮೇಲಿನ ಗುರುತು ಎಲ್ಲವನ್ನೂ ವಾಟ್ಸ್ಆ್ಯಪ್‌ಗೆ ಹಾಕಿ ‘ಆದಷ್ಟು ಹಂಚಿ’ ಎನ್ನುವವರು, ಹೀಗೆ ಕೇಳಿ ಪರೀಕ್ಷಿಸುವ ದಾರಿಯನ್ನೇ ಮುಚ್ಚಿಬಿಡುತ್ತಾರೆ. ಕಳ್ಳನಿಗೂ ಉತ್ತರಗಳು ಸಿಕ್ಕಿರುತ್ತವೆ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಇಂಥ ಮಗುವಿನ ಗುರುತು ಬಯಲು ಮಾಡಿದವರಿಗೆ 6 ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಇದು ಪತ್ರಿಕೆಗಳಿಗೂ ಅನ್ವಯ, ಸಂಪಾದಕರು ಬೇಸರಿಸಬಾರದು.

ಒಂಟಿ ಮಗು ಸಿಕ್ಕಿದರೆ 24 ಗಂಟೆಯೊಳಗೆ ಮಕ್ಕಳ ಸಹಾಯವಾಣಿ 1098ಕ್ಕೋ ಹತ್ತಿರದ ಪೊಲೀಸ್ ಠಾಣೆಗೋ ತಿಳಿಸಲೇಬೇಕು. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಗು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗಬೇಕು. ಸಮಿತಿಯ ಸಭೆ ಇಲ್ಲದ ದಿನ ಒಬ್ಬ ಸದಸ್ಯರ ಮುಂದೆ ಹಾಜರುಪಡಿಸಿದರೂ ಸಾಕು. ಅಜ್ಜಿಯ ಜೊತೆಗೋ ಚಿಕ್ಕಪ್ಪನ ಜೊತೆಗೋ ಬಂದ ಮಗುವಿನ ವಿಷಯ ಬೇರೆ. ಅದನ್ನೂ ಪುಸ್ತಕದಲ್ಲಿ ಬರೆಯಬೇಕು, ಆದರೆ ಕಿತ್ತು ಬಾಲಮಂದಿರಕ್ಕೆ ಸೇರಿಸುವ ಆತುರ ಬೇಡ. ಅಣ್ಣ ತಂಗಿಯರನ್ನಂತೂ ಬೇರೆ ಮಾಡಲೇಬಾರದು.

2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದಾಗ ‘ಮಗುವಿದ್ದರೆ ಹೇಳಿ, ನಾವು ಸಾಕುತ್ತೇವೆ’ ಎಂಬ ಸಂದೇಶಗಳು ಹರಿದಾಡಿದವು. ಮನಸ್ಸು ದೊಡ್ಡದು, ದಾರಿ ತಪ್ಪು. 2010ರ ಹೈಟಿ ಭೂಕಂಪದ ಬೆನ್ನಲ್ಲೇ 33 ಮಕ್ಕಳನ್ನು ‘ಅನಾಥರು’ ಎಂದು ಗಡಿ ದಾಟಿಸಲು ಹೊರಟ ಅಮೆರಿಕದ ತಂಡವೊಂದು ಸಿಕ್ಕಿಬಿದ್ದಿತ್ತು. ವಿಚಾರಿಸಿದರೆ ಆ ಮಕ್ಕಳಲ್ಲಿ ಹೆಚ್ಚಿನವರ ಹೆತ್ತವರು ಬದುಕಿದ್ದರು. ಹೆತ್ತವರ ಹುಡುಕಾಟ ಮುಗಿದು, ಮಗುವನ್ನು ದತ್ತು ಕೊಡಬಹುದು ಎಂದು ಮಕ್ಕಳ ಕಲ್ಯಾಣ ಸಮಿತಿ ಘೋಷಿಸಿದ ಮೇಲಷ್ಟೇ ದತ್ತು. ಕೈಯಿಂದ ಕೈಗೆ ಮಗು ಕೊಟ್ಟರೂ ಪಡೆದರೂ 3 ವರ್ಷದವರೆಗೆ ಸಜೆಯಾಗಬಹುದು.

ಮಂಡ್ಯ ಜಿಲ್ಲೆಯಲ್ಲಿ ಇನ್ನೊಂದು ತೊಡಕು, ಹೊರಗಿನಿಂದ ಬಂದ ಕಬ್ಬು ಕಡಿಯುವವರ ಮತ್ತು ಆಲೆಮನೆ ಕೂಲಿಗಳ ಮಕ್ಕಳು. ಇವರ ಹೆಸರು ಇಲ್ಲಿನ ರೇಷನ್ ಕಾರ್ಡಿನಲ್ಲೂ ಇರದು, ಅಂಗನವಾಡಿ ಪುಸ್ತಕದಲ್ಲೂ ಇರದು. ಕೆಲವರಿಗೆ ಕನ್ನಡವೂ ಬಾರದು. ಮೇಸ್ತ್ರಿಗಳ ಮೊಬೈಲ್ ಸಂಖ್ಯೆ, ಪ್ರತಿ ಗುಂಪಿನಲ್ಲಿ ಎಷ್ಟು ಮಕ್ಕಳು ಎಂಬ ಲೆಕ್ಕವನ್ನು ಗ್ರಾಮ ಪಂಚಾಯಿತಿಯವರು ಮಳೆಗಾಲಕ್ಕೆ ಮುಂಚೆಯೇ ಬರೆದಿಟ್ಟುಕೊಳ್ಳಬೇಕು. ನೆರೆಯ ಅಣಕು ಕಾರ್ಯಾಚರಣೆ ನಡೆಸುವಾಗ ಮನೆಯವರಿಂದ ತಪ್ಪಿಸಿಕೊಂಡ ಒಂದು ಮಗುವಿನ ಪಾತ್ರವನ್ನೂ ಸೇರಿಸಿ, ಅದು ಸಮಿತಿಯ ಮುಂದೆ ಬರಲು ಎಷ್ಟು ಗಂಟೆ ಹಿಡಿಯಿತೆಂದು ಎರಡೂ ಜಿಲ್ಲಾಡಳಿತಗಳು ಗಡಿಯಾರ ಹಿಡಿದು ನೋಡಲಿ.

– ಮಕ್ಕಳ ರಕ್ಷಣೆಯ ಕೆಲಸದಲ್ಲಿರುವ ಕೆಲವರು, ಮಂಡ್ಯ