ಶನಿವಾರ ಲೇಕ್ ಫೋರ್ಕ್‌ಗೆ ಬರೋ ಅಪ್ಪ-ಅಮ್ಮಂದಿರಿಗೆ

ಎಲ್ರಿಗೂ ನಮಸ್ಕಾರ, ಮಕ್ಕಳನ್ನ ಕರ್ಕೊಂಡು ಬಾಸ್ ಮೀನು ಹಿಡಿಯೋಕೆ ಹೊರಡ್ತಿರೋರು ಇದನ್ನ ಒಂದ್ಸಲ ಓದ್ಬಿಡಿ. ಟೆಕ್ಸಾಸಲ್ಲಿ 17 ತುಂಬದ ಮಕ್ಕಳಿಗೆ ಫಿಶಿಂಗ್ ಲೈಸೆನ್ಸ್ ಬೇಡ, ಆದ್ರೆ ಮಗಳಿಗೆ ಹೆಲ್ಪ್ ಮಾಡ್ತೀನಿ ಅಂತ ಹೋಗಿ ನೀವೇ ರಾಡ್ ಹಿಡ್ಕೊಂಡು ಕೂರೋದು ಗ್ಯಾರಂಟಿ (ಯಾರ್ಯಾರು ಅಂತ ಹೇಳಲ್ಲ), ಅದಕ್ಕೆ ನಿಮ್ಮದು ಮೊದ್ಲೇ ಆನ್‌ಲೈನಲ್ಲಿ ತಗೊಳ್ಳಿ. ಬೋಟ್ ಓಡ್ತಿರುವಾಗ 13ಕ್ಕಿಂತ ಚಿಕ್ಕೋರು ಲೈಫ್ ಜಾಕೆಟ್ ಹಾಕಿರ್ಲೇಬೇಕು, ಸೆಖೆ ಅಂತ ಬಿಚ್ಚಂಗಿಲ್ಲ.

ಅಳೆಯೋ ಟೇಪ್ ಮರೀಬೇಡಿ. ಈ ಲೇಕಲ್ಲಿ 16 ಇಂಚಿಗಿಂತ ಉದ್ದ, 24ಕ್ಕಿಂತ ಕಮ್ಮಿ ಇರೋ ಲಾರ್ಜ್‌ಮೌತ್ ಬಾಸ್ ಸಿಕ್ರೆ ತಕ್ಷಣ ನೀರಿಗೆ ಬಿಡ್ಬೇಕು, ಮಗು ಅತ್ರೂ ಅಷ್ಟೇ, 24 ದಾಟಿದ್ದು ದಿನಕ್ಕೆ ಒಂದೇ ಇಟ್ಕೋಬಹುದು. ಇಂಥ ರೂಲ್ ಇರೋದ್ರಿಂದ್ಲೇ ಇಲ್ಲಿ ದೊಡ್ಡವು ಉಳಿದಿರೋದು ಅನ್ನೋದು ನನ್ನ ಲೆಕ್ಕ, 1992ರಲ್ಲಿ ಸಿಕ್ಕ 18.18 ಪೌಂಡಿನ ಸ್ಟೇಟ್ ರೆಕಾರ್ಡ್ ಬಾಸ್ ಕೂಡ ಇಲ್ಲಿದೇ.

ನೀರೊಳಗೆ ಮುಳುಗಿರೋ ಮರಗಳು ಜಾಸ್ತಿ, ಬಾಸ್ ಅಲ್ಲೇ ಅಡಗಿರುತ್ತೆ, ಗಾಳನೂ ಅಲ್ಲೇ ಸಿಕ್ಕಾಕೊಳ್ಳುತ್ತೆ. ಪ್ಲಾಸ್ಟಿಕ್ ಹುಳ ತಗೊಂಡು ಗಾಳದ ಮೊನೇನ ಅದರೊಳಗೇ ಹುದುಗಿಸಿ ಹಾಕಿ, ನಿಧಾನಕ್ಕೆ ಎಳೀರಿ. ಫೋಟೋ ತೆಗೆಯುವಾಗ ಮಕ್ಕಳು ಕೈ ಒದ್ದೆ ಮಾಡ್ಕೊಂಡು ಮೀನು ಹಿಡೀಲಿ, ದೊಡ್ಡ ಮೀನಾದ್ರೆ ಹೊಟ್ಟೆ ಕೆಳಗೂ ಒಂದು ಕೈ ಇರ್ಲಿ.

ಪುಳಿಯೋಗರೆ ನಮ್ಮನೇದು, ಮಜ್ಜಿಗೆ ಯಾರಾದ್ರೂ ತನ್ನಿ. ಬೋಟಲ್ಲಿ ಜಾಗ ಬೇಕಿದ್ದೋರು ಗುರುವಾರ ರಾತ್ರಿಯೊಳಗೆ ಇಲ್ಲೇ ಹೇಳಿ, ಮಕ್ಕಳ ವಯಸ್ಸೂ ಹಾಕಿ.